ಒಂದೇ ಬೆನ್ನಿನ ಎರಡು ನೋವು

(ಮೇ ತಿಂಗಳಲ್ಲಿ ಶಿರಸಿಯಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಮೊದಲ ಶನಿವಾರ ವಿಶ್ವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ದಿನ; ಅದು ಬೆನ್ನುಮೂಳೆಯ ಉರಿಯೂತದ ಸಂಧಿವಾತ. ಮೇ 12 ಫೈಬ್ರೊಮಯಾಲ್ಜಿಯಾ ಎಂಬ ಮೈಯೆಲ್ಲ ನೋಯುವ ಕಾಯಿಲೆಯ ಜಾಗೃತಿ ದಿನ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನವೂ ಅದೇ. ಕ್ಯಾಲೆಂಡರಿನಲ್ಲಿ ಬೇರೆ ಬೇರೆ ಚೌಕಗಳಲ್ಲಿ ಕುಳಿತಿರುವ ಈ ಎರಡು ಕಾಯಿಲೆಗಳು ಮನುಷ್ಯರ ಮೈಯಲ್ಲಿ ಒಟ್ಟಿಗೇ ಸಂಸಾರ ಮಾಡಬಲ್ಲವು ಎಂಬುದು ಇವತ್ತಿನ ನನ್ನ ವಿಷಯ.

ರೋಗಿಗಳು ನನ್ನನ್ನು ಕೇಳುವುದು, ‘ನನಗಿರುವುದು ಸಂಧಿವಾತವೋ, ಫೈಬ್ರೊಮಯಾಲ್ಜಿಯಾವೋ?’ ಎಂದು. ವೈದ್ಯರೂ ಬಹಳ ಸಲ ಹಾಗೆಯೇ ಯೋಚಿಸುತ್ತೇವೆ. ಒಂದು ಹೆಸರು ಸಿಕ್ಕಿತೆಂದರೆ ಇನ್ನೊಂದನ್ನು ಹುಡುಕುವುದನ್ನು ನಿಲ್ಲಿಸಿಬಿಡುತ್ತೇವೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ, ‘ನನ್ನ ನೋವಿನಲ್ಲಿ ಎಷ್ಟು ಭಾಗ ಇದರದು, ಎಷ್ಟು ಭಾಗ ಅದರದು?’ ಎಂದು ಕೇಳಿದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಮೊದಲು ಬೆನ್ನುಮೂಳೆಯ ಉರಿಯೂತದ ಸಂಧಿವಾತವನ್ನು ನೋಡೋಣ. ಈಗಿನ ವೈದ್ಯಕೀಯದಲ್ಲಿ ಇದರ ಒಟ್ಟು ಹೆಸರು ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್. ಎಕ್ಸ್‌ರೇಯಲ್ಲೇ ಎದ್ದು ಕಾಣುವಷ್ಟು ಹಾನಿಯಾದಾಗ ಅದನ್ನು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುತ್ತಾರೆ. ಬೆನ್ನುಮೂಳೆಯ ಬುಡ ಎರಡೂ ಬದಿಯ ಸೊಂಟದ ಮೂಳೆಗಳಿಗೆ ಸೇರುವಲ್ಲಿ ಸ್ಯಾಕ್ರೊಇಲಿಯಾಕ್ ಎಂಬ ಎರಡು ಕೀಲುಗಳಿವೆ. ರೋಗ ಸಾಮಾನ್ಯವಾಗಿ ಶುರುವಾಗುವುದು ಅಲ್ಲಿ. ಶರೀರದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲಿನ ಮೇಲೆ ತಿರುಗಿಬಿದ್ದು ಅಲ್ಲಿ ಉರಿಯೂತ ಎಬ್ಬಿಸುತ್ತದೆ. ವರ್ಷಗಳು ಕಳೆದಂತೆ ಕೆಲವರಲ್ಲಿ ಹೊಸ ಮೂಳೆ ಬೆಳೆದು ಕಶೇರುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹೆಚ್ಚಿನವರಿಗೆ ಇದು ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಶುರು. 45 ದಾಟಿದ ಮೇಲೆ ಹೊಸದಾಗಿ ಹುಟ್ಟುವುದು ಅಪರೂಪ.

ಇದರ ನೋವಿಗೆ ಒಂದು ನಡವಳಿಕೆಯಿದೆ. ಯಕ್ಷಗಾನ ಮೇಳದಲ್ಲಿ ಕುಣಿಯುವ ಇಪ್ಪತ್ತೈದರ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. (ನಾನು ಹೇಳುವ ಉದಾಹರಣೆಗಳು ಯಾವ ಒಬ್ಬ ರೋಗಿಯ ಕಥೆಯೂ ಅಲ್ಲ; ಹಲವರ ಲಕ್ಷಣಗಳನ್ನು ಸೇರಿಸಿ ಕಟ್ಟಿದ್ದು. ಇಲ್ಲಿ ಕುಳಿತವರು ಪಕ್ಕದವರ ಮುಖ ನೋಡಬೇಕಾಗಿಲ್ಲ.) ರಂಗಸ್ಥಳದಲ್ಲಿ ಮೈ ಬಿಸಿಯಾದ ಮೇಲೆ ಅವನಿಗೆ ನೋವು ಮರೆತೇಹೋಗುತ್ತದೆ. ಚೌಕಿಗೆ ಬಂದು ಅರ್ಧ ಗಂಟೆ ಗೋಡೆಗೊರಗಿ ಕುಳಿತು ಎದ್ದರೆ ಸೊಂಟ ನೆಟ್ಟಗಾಗುವುದಿಲ್ಲ. ಮಲಗಿದರೆ ರಾತ್ರಿಯ ಎರಡನೆಯ ಅರ್ಧದಲ್ಲಿ ಎಚ್ಚರವಾಗುತ್ತದೆ, ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಹಗುರ. ಬೆಳಿಗ್ಗೆ ಬಗ್ಗಿ ಮುಖ ತೊಳೆಯಲೂ ಆಗದಷ್ಟು ಬಿಗಿತ. ಬಚ್ಚಲಲ್ಲಿ ಬಿಸಿನೀರು ಹೊಯ್ದುಕೊಂಡು ಓಡಾಡಿದರೆ ಸಡಿಲ. ಒಮ್ಮೆ ಎಡ ಪೃಷ್ಠ ನೋವು, ಮತ್ತೊಮ್ಮೆ ಬಲ. ಇದು ಮೂರು ತಿಂಗಳಿಗೂ ಹೆಚ್ಚು ಕಾಲ ನಡೆದಿದ್ದರೆ ಅವನಿಗೆ ‘ಕುಣಿತ ಬಿಟ್ಟು ವಿಶ್ರಾಂತಿ ತೆಗೆದುಕೋ’ ಎಂದು ಹೇಳುವುದು ಪೂರ್ತಿ ಉಲ್ಟಾ ಸಲಹೆ. ವಿಶ್ರಾಂತಿಯಲ್ಲಿ ಕೆರಳಿ ಚಲನೆಯಲ್ಲಿ ತಗ್ಗುವ ನೋವು ಉರಿಯೂತದ ನೋವು. ಅಡಿಕೆ ಮೂಟೆ ಎತ್ತಿ ಉಳುಕಿದ ಸೊಂಟ ಹೀಗೆ ವರ್ತಿಸುವುದಿಲ್ಲ, ಅದಕ್ಕೆ ಮಲಗಿದರೆ ಹಿತ.

ಇದರ ಜೊತೆಗೆ ಕಣ್ಣು ಕೆಂಪಾಗುವುದು, ಹಿಮ್ಮಡಿ ನೋವು, ಸೋರಿಯಾಸಿಸ್, ಕರುಳಿನ ಉರಿಯೂತ, ಮನೆತನದಲ್ಲಿ ಇದೇ ರೋಗ ಇವುಗಳಲ್ಲಿ ಒಂದೆರಡು ಸೇರಿದರೆ ಅನುಮಾನ ಗಟ್ಟಿಯಾಗುತ್ತದೆ.

ಈಗ ಫೈಬ್ರೊಮಯಾಲ್ಜಿಯಾ. ಇಲ್ಲಿ ಕೀಲು ಊದಿರುವುದಿಲ್ಲ, ಮೂಳೆ ಸವೆದಿರುವುದಿಲ್ಲ, ರಕ್ತದಲ್ಲಿ ಉರಿಯೂತದ ಗುರುತಿರುವುದಿಲ್ಲ. ಆದರೂ ಕುತ್ತಿಗೆ, ಹೆಗಲು, ಬೆನ್ನು, ತೊಡೆ, ತೋಳು ಎಂದು ಮೈಯೆಲ್ಲ ನೋವು. ಎಂಟು ಗಂಟೆ ಮಲಗಿ ಎದ್ದರೂ ಮಲಗಿಯೇ ಇಲ್ಲವೇನೋ ಎಂಬಷ್ಟು ಸುಸ್ತು. ಒಲೆಯ ಮೇಲೆ ಹಾಲಿಟ್ಟದ್ದು ಮರೆಯುವುದು, ಮಾತಿನ ನಡುವೆ ಹೆಸರು ಸಿಗದೇ ಹೋಗುವುದು, ತಲೆನೋವು, ಹೊಟ್ಟೆ ಹಿಂಡಿದಂತಾಗುವುದು. ನೂರು ಜನರಲ್ಲಿ ಎರಡರಿಂದ ನಾಲ್ಕು ಮಂದಿಗೆ ಇದು ಇರುತ್ತದೆ ಎಂಬುದು ಒಪ್ಪಿತ ಅಂದಾಜು, ಹೆಂಗಸರಲ್ಲಿ ಹೆಚ್ಚು.

ಊನವಿಲ್ಲದ ಮೈಯಲ್ಲಿ ನೋವು ಎಲ್ಲಿಂದ ಬಂತು? ಹಿಂದೊಮ್ಮೆ ಚಿರತೆ ಅಂಗಳಕ್ಕೆ ಬಂದುಹೋದ ಮನೆಯ ನಾಯಿಯನ್ನು ನೀವು ನೋಡಿರಬಹುದು. ಆಮೇಲೆ ಅದು ತೋಟದಲ್ಲಿ ಅಡಿಕೆ ಹಾಳೆ ಬಿದ್ದರೂ ಬೊಗಳುತ್ತದೆ. ನಾಯಿ ಸುಳ್ಳು ಹೇಳುತ್ತಿಲ್ಲ, ನಾಟಕ ಮಾಡುತ್ತಿಲ್ಲ. ಅದರ ಕಿವಿ ಅಷ್ಟು ಸೂಕ್ಷ್ಮವಾಗಿದೆ, ಅಷ್ಟೇ. ಫೈಬ್ರೊಮಯಾಲ್ಜಿಯಾದಲ್ಲಿ ಬೆನ್ನುಹುರಿ ಮತ್ತು ಮಿದುಳಿನ ನೋವಿನ ಕಾವಲು ಹಾಗಾಗಿರುತ್ತದೆ. 2002ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ರೋಗಿಗಳ ಹೆಬ್ಬೆರಳಿನ ಉಗುರಿನ ಮೇಲೆ ಒತ್ತುತ್ತ ಅವರ ಮಿದುಳಿನ ಸ್ಕ್ಯಾನ್ ಮಾಡಿದರು. ಆರೋಗ್ಯವಂತರಿಗೆ ಜೋರಾಗಿ ಒತ್ತಿದಾಗ ಮಿದುಳಿನ ಯಾವ ಭಾಗಗಳು ಎಚ್ಚೆತ್ತವೋ, ಇವರಲ್ಲಿ ಬಹಳ ಹಗುರ ಒತ್ತಡಕ್ಕೇ ಅವು ಎಚ್ಚೆತ್ತವು. ನೋವಿನ ಕುರಿತ ಅಂತಾರಾಷ್ಟ್ರೀಯ ಸಂಘಟನೆ 2017ರಲ್ಲಿ ಇಂಥ ನೋವಿಗೆ ನೊಸಿಪ್ಲಾಸ್ಟಿಕ್ ಎಂಬ ಪ್ರತ್ಯೇಕ ವರ್ಗವನ್ನೇ ಒಪ್ಪಿಕೊಂಡಿತು. ಹಾಗಾಗಿ, ‘ರಿಪೋರ್ಟೆಲ್ಲ ಸರಿಯಿದೆ, ನಿಮಗೇನೂ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’ ಎಂದು ಹೆಂಗಸರನ್ನು ವಾಪಸು ಕಳಿಸುವುದು ವಿಜ್ಞಾನವೂ ಅಲ್ಲ, ಸೌಜನ್ಯವೂ ಅಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಹಾಳೆ ಬಿದ್ದರೂ ಬೊಗಳುವ ನಾಯಿಯ ಮನೆಗೆ ನಿಜವಾದ ಚಿರತೆ ಮತ್ತೆ ಬರಬಾರದೆಂದೇನೂ ಇಲ್ಲ. ಎರಡು ರೋಗಗಳ ಬೆರಕೆ ಎಂದರೆ ಇದು.

ಬೆನ್ನುಮೂಳೆಯ ಉರಿಯೂತವಿರುವವರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಫೈಬ್ರೊಮಯಾಲ್ಜಿಯಾವೂ ಇರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಸಾಮಾನ್ಯ ಜನರಿಗಿಂತ ಇದು ಹಲವು ಪಟ್ಟು. ಕಾರಣ ಊಹಿಸಲು ಕಷ್ಟವಿಲ್ಲ. ವರ್ಷಗಟ್ಟಲೆ ನಡುರಾತ್ರಿ ಎಚ್ಚರಗೊಳಿಸುವ ನೋವು ನಿದ್ದೆಯನ್ನು ಹಾಳುಮಾಡುತ್ತದೆ. ಹಾಳಾದ ನಿದ್ದೆ ನರವ್ಯವಸ್ಥೆಯ ಸಹನೆಯನ್ನು ಕುಗ್ಗಿಸುತ್ತದೆ. ಕೆಲಸ, ಮದುವೆ, ಮಕ್ಕಳು ಎಂಬ ಚಿಂತೆಗಳು ಮೇಲಿಂದ ಕೂಡಿಕೊಳ್ಳುತ್ತವೆ. ಉರಿಯೂತದ ಸಂಧಿವಾತಕ್ಕೆ ಹೆಸರು ಸಿಗಲು ಸರಾಸರಿ ಹಲವು ವರ್ಷಗಳೇ ಹಿಡಿಯುತ್ತವೆ, ಹೆಂಗಸರಿಗೆ ಇನ್ನೂ ಹೆಚ್ಚು. ಅಷ್ಟು ಕಾಲ ಕಾವಲು ಕಾದ ನಾಯಿಯ ಕಿವಿ ಚುರುಕಾಗದೇ ಇರುತ್ತದೆಯೇ?

ಎರಡನ್ನೂ ಬೇರ್ಪಡಿಸುವುದು ಏಕೆ ಕಷ್ಟ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದುಡ್ಡೂ ಔಷಧವೂ ಪೋಲಾಗುವುದು ಇಲ್ಲೇ.

ಸಂಧಿವಾತ ತಜ್ಞರು ಬೆನ್ನುಮೂಳೆಯ ಉರಿಯೂತದ ಬಿಸಿ ಅಳೆಯಲು ಬಾಸ್ಡಾಯ್ ಎಂಬ ಅಂಕಪಟ್ಟಿಯನ್ನು ಬಳಸುತ್ತಾರೆ. 1994ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ರೂಪುಗೊಂಡದ್ದು. ಆರೇ ಪ್ರಶ್ನೆ: ಸುಸ್ತು ಎಷ್ಟು? ಕುತ್ತಿಗೆ, ಬೆನ್ನು, ಸೊಂಟದ ನೋವು ಎಷ್ಟು? ಉಳಿದ ಕೀಲುಗಳ ನೋವು ಅಥವಾ ಊತ ಎಷ್ಟು? ಮುಟ್ಟಿದರೆ, ಒತ್ತಿದರೆ ನೋಯುವ ಜಾಗಗಳ ತೊಂದರೆ ಎಷ್ಟು? ಬೆಳಗಿನ ಬಿಗಿತದ ತೀವ್ರತೆ ಎಷ್ಟು? ಅದು ಎಷ್ಟು ಹೊತ್ತು ಇರುತ್ತದೆ? ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಸರಾಸರಿ 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರೋಗ ಚುರುಕಾಗಿದೆ ಎಂದು ಲೆಕ್ಕ.

ಈ ಆರು ಪ್ರಶ್ನೆಗಳನ್ನು ಫೈಬ್ರೊಮಯಾಲ್ಜಿಯಾ ಮಾತ್ರ ಇರುವವರ ಮುಂದೆ ಇಡಿ. ಸುಸ್ತು ಎಂಟು, ನೋವು ಏಳು, ಒತ್ತಿದರೆ ನೋವು ಒಂಬತ್ತು, ಬಿಗಿತ ಆರು. ಸರಾಸರಿ ಏಳರ ಮೇಲೆ! ಬೆನ್ನುಮೂಳೆಯಲ್ಲಿ ಒಂದು ಕಿಡಿ ಉರಿಯೂತವಿಲ್ಲದೆಯೇ ರೋಗ ಭುಗಿಲೆದ್ದಿದೆ ಎಂದು ಕಾಗದ ಹೇಳುತ್ತದೆ. ಪಟ್ಟಿಯ ಎಲ್ಲ ಉತ್ತರಗಳೂ ರೋಗಿಯ ಅನುಭವದಿಂದಲೇ ಬರುವುದರಿಂದ, ನೋವಿನ ಮೂಲ ಯಾವುದೆಂದು ಅದಕ್ಕೆ ಗೊತ್ತಾಗುವುದಿಲ್ಲ. ಎರಡೂ ಇರುವವರಲ್ಲಿ, ಔಷಧದಿಂದ ಉರಿಯೂತ ಪೂರ್ತಿ ತಣ್ಣಗಾಗಿದ್ದರೂ ಅಂಕ ಇಳಿಯುವುದಿಲ್ಲ. ಆಗ ‘ಈ ಇಂಜೆಕ್ಷನ್ ನಾಟಲಿಲ್ಲ’ ಎಂದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾರೆ. ಆ ಇಂಜೆಕ್ಷನ್‌ಗಳ ಬೆಲೆ ಗೊತ್ತಿರುವ ಮನೆಯವರು ಈ ಸಭೆಯಲ್ಲಿ ಇರಬಹುದು. ಫೈಬ್ರೊಮಯಾಲ್ಜಿಯಾ ಜೊತೆಗಿರುವ ರೋಗಿಗಳು ಜೈವಿಕ ಔಷಧಗಳೆಂಬ ಈ ಇಂಜೆಕ್ಷನ್‌ಗಳನ್ನು ಉಳಿದವರಿಗಿಂತ ಹೆಚ್ಚು ಬದಲಾಯಿಸುತ್ತಾರೆ, ಬೇಗ ಬಿಡುತ್ತಾರೆ ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಇದಕ್ಕಾಗಿಯೇ ಈಚೆಗೆ ಆಸ್ಡಾಸ್ ಎಂಬ ಮತ್ತೊಂದು ಅಳತೆಗೆ ಒತ್ತು ಕೊಡುತ್ತಾರೆ. ಅದರಲ್ಲಿ ಸುಸ್ತಿನ ಪ್ರಶ್ನೆಯಿಲ್ಲ, ಉರಿಯೂತವನ್ನು ತೋರಿಸುವ ಸಿಆರ್‌ಪಿ ಎಂಬ ರಕ್ತಪರೀಕ್ಷೆ ಸೇರಿದೆ. ಅದೂ ಪೂರ್ತಿ ನಿಷ್ಪಕ್ಷಪಾತಿಯಲ್ಲ, ಆದರೆ ಮೋಸ ಹೋಗುವುದು ಕಡಿಮೆ.

ಬೆರಳಿನಿಂದ ಒತ್ತಿ ನೋಡುವ ಪರೀಕ್ಷೆಯಲ್ಲೂ ಇದೇ ಗೋಜಲು. ಉರಿಯೂತದ ಸಂಧಿವಾತದಲ್ಲಿ ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗಗಳು ನೋಯುತ್ತವೆ: ಹಿಮ್ಮಡಿ, ಎದೆಮೂಳೆಗೆ ಪಕ್ಕೆಲುಬು ಸೇರುವಲ್ಲಿ, ಸೊಂಟದ ಮೂಳೆಯ ಅಂಚು. ಫೈಬ್ರೊಮಯಾಲ್ಜಿಯಾಕ್ಕೆ 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಕಾಲೇಜು 18 ನೋವಿನ ಬಿಂದುಗಳನ್ನು ಗುರುತಿಸಿ, ಅವುಗಳಲ್ಲಿ ಕನಿಷ್ಠ 11 ನೋಯಬೇಕು ಎಂದಿತ್ತು. ಅವುಗಳಲ್ಲಿ ಎರಡನೆಯ ಪಕ್ಕೆಲುಬಿನ ಸಂಧಿ, ಮೊಣಕೈಯ ಹೊರಬದಿ, ತೊಡೆಮೂಳೆಯ ಮೇಲಿನ ಉಬ್ಬು ಇವೂ ಇವೆ. ಅಂದರೆ ಎರಡು ನಕ್ಷೆಗಳೂ ಒಂದರ ಮೇಲೊಂದು ಬಿದ್ದಿವೆ. ಹಿಮ್ಮಡಿಯ ಹಿಂಭಾಗ ಊದಿಕೊಂಡು ಬೆಳಿಗ್ಗೆ ನೆಲಕ್ಕೆ ಕಾಲೂರಲಾಗದಿದ್ದರೆ ಉರಿಯೂತದ ಕಡೆಗೆ ವಾಲಬಹುದು. ಅಲ್ಟ್ರಾಸೌಂಡ್ ಸ್ವಲ್ಪ ನೆರವಾಗುತ್ತದೆ. ಒತ್ತಿದಲ್ಲೆಲ್ಲ ನೋವು, ಎಲ್ಲೂ ಊತವಿಲ್ಲ ಎಂದರೆ ಇನ್ನೊಂದರ ಕಡೆಗೆ.

ಬಿಂದು ಎಣಿಸುವ ಪದ್ಧತಿಯನ್ನು 2010ರಲ್ಲಿ ಬದಿಗಿಟ್ಟು, ಮೈಯ 19 ಭಾಗಗಳಲ್ಲಿ ಎಷ್ಟರಲ್ಲಿ ನೋವಿದೆ, ಸುಸ್ತು, ತಾಜಾತನವಿಲ್ಲದ ನಿದ್ದೆ, ಮರೆವು ಎಷ್ಟಿವೆ ಎಂದು ಕೇಳುವ ಕ್ರಮ ಬಂತು. 2016ರ ಪರಿಷ್ಕರಣೆಯಲ್ಲಿ ಒಂದು ಸಾಲು ಸೇರಿತು. ನನ್ನ ಮಟ್ಟಿಗೆ ಅದೇ ಇಡೀ ಪಟ್ಟಿಯ ಅತ್ಯುತ್ತಮ ಸಾಲು. ಬೇರೆ ಯಾವ ರೋಗ ಇದ್ದರೂ ಫೈಬ್ರೊಮಯಾಲ್ಜಿಯಾದ ನಿರ್ಣಯಕ್ಕೆ ಅಡ್ಡಿಯಿಲ್ಲ, ಇದು ಇದೆಯೆಂದು ಬೇರೆ ರೋಗ ಇಲ್ಲವೆಂದೂ ಆಗುವುದಿಲ್ಲ ಎಂಬುದು ಅದರ ತಾತ್ಪರ್ಯ.

ಹಾಗಾದರೆ ಪರೀಕ್ಷೆಗಳು ಜಗಳ ಬಿಡಿಸುವುದಿಲ್ಲವೇ ಎಂದು ನೀವು ಕೇಳಬಹುದು. ಪೂರ್ತಿ ಬಿಡಿಸುವುದಿಲ್ಲ. ಸಿಆರ್‌ಪಿ ಅಥವಾ ಅಂಥದೇ ಇನ್ನೊಂದು ರಕ್ತಪರೀಕ್ಷೆಯಾದ ಇಎಸ್‌ಆರ್ ಹೆಚ್ಚಿದ್ದರೆ ಅದು ಫೈಬ್ರೊಮಯಾಲ್ಜಿಯಾದ ಕೆಲಸವಲ್ಲ. ಆದರೆ ಬೆನ್ನುಮೂಳೆಯ ಉರಿಯೂತವಿರುವ ಬಹಳಷ್ಟು ಜನರಲ್ಲಿ ಸಿಆರ್‌ಪಿ ಸಹಜವಾಗಿಯೇ ಇರುತ್ತದೆ, ಆದ್ದರಿಂದ ಸಹಜ ರಿಪೋರ್ಟು ಯಾರನ್ನೂ ಖುಲಾಸೆ ಮಾಡುವುದಿಲ್ಲ. ಎಚ್‌ಎಲ್‌ಎ-ಬಿ27 ಎಂಬ ಜೀನ್‌ಗೂ ಈ ರೋಗಕ್ಕೂ ಇರುವ ನಂಟು 1973ರಲ್ಲಿ ಗೊತ್ತಾಯಿತು, ನಂಟು ಬಲವಾದದ್ದೇ. ಆದರೂ ಬಿ27 ಇರುವ ನೂರು ಮಂದಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಜೀವಮಾನದಲ್ಲಿ ಈ ರೋಗ ಬರುವುದೇ ಇಲ್ಲ. ಮೈಕೈ ನೋವಿಗೆಂದು ಹೋದವರಿಗೆ ಯಾರೋ ಬಿ27 ಬರೆದುಕೊಟ್ಟು, ಅದು ಪಾಸಿಟಿವ್ ಬಂದು, ಅಂತರ್ಜಾಲದಲ್ಲಿ ಬಗ್ಗಿದ ಬೆನ್ನಿನ ಚಿತ್ರ ನೋಡಿ ಮನೆಯವರೆಲ್ಲ ಊಟ ಬಿಟ್ಟ ಉದಾಹರಣೆಗಳಿವೆ.

ಎಂಆರ್‌ಐ ಬಗ್ಗೆ ಎರಡು ಮಾತು ಗಮನವಿಟ್ಟು ಕೇಳಿ. ಮೊದಲನೆಯದು, ‘ಸೊಂಟದ ಎಂಆರ್‌ಐ’ ಎಂದರೆ ಸಾಮಾನ್ಯವಾಗಿ ಬೆನ್ನುಮೂಳೆಯ ಕೆಳಭಾಗದ ಚಿತ್ರ. ಸ್ಯಾಕ್ರೊಇಲಿಯಾಕ್ ಕೀಲುಗಳು ಅದರಲ್ಲಿ ಸರಿಯಾಗಿ ಬರುವುದಿಲ್ಲ. ಅದರಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದು ಬರೆದಿರುತ್ತಾರೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಯಾವ ನೋವೂ ಇಲ್ಲದ ಇಪ್ಪತ್ತರ ಹರೆಯದವರಲ್ಲೇ ಶೇ. 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ ಎಂದು 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದುಬಂದಿತ್ತು. ಉರಿಯೂತದ ಅನುಮಾನವಿದ್ದರೆ ಸ್ಯಾಕ್ರೊಇಲಿಯಾಕ್ ಕೀಲುಗಳ ಎಂಆರ್‌ಐ ಎಂದೇ ಚೀಟಿಯಲ್ಲಿ ಬರೆದಿರಬೇಕು. ಎರಡನೆಯದು, ಆ ಕೀಲಿನಲ್ಲಿ ಮೂಳೆಮಜ್ಜೆಯ ಊತ ಕಂಡ ಮಾತ್ರಕ್ಕೆ ರೋಗ ಖಚಿತವಲ್ಲ. ಹೆರಿಗೆಯಾದ ಮೇಲೆ ತಿಂಗಳುಗಟ್ಟಲೆ, ಓಟಗಾರರಲ್ಲಿ, ಭಾರೀ ದೈಹಿಕ ಶ್ರಮ ಮಾಡುವವರಲ್ಲಿ ಇಂಥದೇ ಬಿಳಿ ಮಚ್ಚೆ ಕಾಣಬಹುದು. ಬಾಣಂತನ ಮುಗಿಸಿ ಬಂದ ಹೆಣ್ಣುಮಗಳ ಸ್ಕ್ಯಾನ್ ಓದುವವರಿಗೆ ಹೆರಿಗೆಯ ವಿಷಯ ತಿಳಿಸಲೇಬೇಕು.

ಹೆಂಗಸರ ವಿಚಾರದಲ್ಲಿ ತಪ್ಪು ಎರಡೂ ದಿಕ್ಕಿಗೆ ಆಗುತ್ತದೆ. ಮೂವತ್ತೈದರ ಒಬ್ಬ ಶಾಲಾ ಶಿಕ್ಷಕಿ, ಕುಮಟೆಯ ಕಡೆಯವರು ಎಂದುಕೊಳ್ಳಿ. ಇಪ್ಪತ್ತೆಂಟರಿಂದ ಬೆಳಗಿನ ಬಿಗಿತ, ನಡುರಾತ್ರಿಯ ಸೊಂಟನೋವು. ಹೆರಿಗೆಯಿಂದ ಬಂದ ನೋವೆಂದು ಮೊದಲು ಹೇಳಿದರು, ಆಮೇಲೆ ಕ್ಯಾಲ್ಸಿಯಂ ಕಡಿಮೆಯೆಂದರು, ಕೊನೆಗೆ ಮೈಯೆಲ್ಲ ನೋವು ಶುರುವಾದಾಗ ಫೈಬ್ರೊಮಯಾಲ್ಜಿಯಾ ಎಂದರು. ಕೊನೆಯ ಹೆಸರು ತಪ್ಪಲ್ಲ. ಆದರೆ ಆ ಹೆಸರು ಬಂದ ದಿನದಿಂದ ಅವರ ಬೆಳಗಿನ ಬಿಗಿತದ ಬಗ್ಗೆ ಯಾರೂ ಕೇಳಲಿಲ್ಲ. ಅದರ ಹಿಂದೆ ಬೆನ್ನುಮೂಳೆಯ ಉರಿಯೂತ ತನ್ನ ಪಾಡಿಗೆ ನಡೆದಿತ್ತು. ಈ ರೋಗ ಗಂಡಸರದು ಎಂಬ ಹಳೆಯ ನಂಬಿಕೆ ವೈದ್ಯರಲ್ಲೂ ಇದೆ. ಎಕ್ಸ್‌ರೇಯಲ್ಲಿ ಹಾನಿ ಕಾಣುವ ಹಂತದಲ್ಲಿ ಗಂಡಸರೇ ಹೆಚ್ಚು ಎಂಬುದು ಹೌದು. ಎಕ್ಸ್‌ರೇಗೆ ಕಾಣದ ಹಂತದಲ್ಲಿ ಹೆಣ್ಣು ಗಂಡು ಹೆಚ್ಚುಕಡಿಮೆ ಸಮ.

ಚಿಕಿತ್ಸೆ ಬೇರೆ ಬೇರೆ ಎಂಬುದರಿಂದಲೇ ಈ ಕಸರತ್ತೆಲ್ಲ. ಉರಿಯೂತಕ್ಕೆ ಮೊದಲ ಸಾಲಿನ ಔಷಧ ನ್ಯಾಪ್ರೊಕ್ಸೆನ್, ಇಂಡೊಮೆಥಾಸಿನ್ ಮುಂತಾದ ಉರಿಯೂತ ಶಾಮಕ ಮಾತ್ರೆಗಳು. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೆ ಒಂದೆರಡು ದಿನದಲ್ಲೇ ನೋವು ಎದ್ದು ಕಾಣುವಂತೆ ಇಳಿಯುವುದು ರೋಗದ ಗುರುತುಗಳಲ್ಲೊಂದು. ಶುದ್ಧ ಫೈಬ್ರೊಮಯಾಲ್ಜಿಯಾಕ್ಕೆ ಇವು ಹೆಚ್ಚೇನೂ ಮಾಡುವುದಿಲ್ಲ, ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ಮಾತ್ರ ಹೊರೆ. ಮಾತ್ರೆ ಸಾಲದಿದ್ದರೆ ಅಡಾಲಿಮುಮಾಬ್, ಎಟನರ್ಸೆಪ್ಟ್‌ನಂಥ, ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಇಂಜೆಕ್ಷನ್‌ಗಳು, ಸೆಕುಕಿನುಮಾಬ್ ಇಂಜೆಕ್ಷನ್, ಈಚೆಗೆ ಟೊಫಾಸಿಟಿನಿಬ್‌ನಂಥ ಮಾತ್ರೆಗಳು. ನಮ್ಮ ದೇಶದಲ್ಲಿ ಇವುಗಳನ್ನು ಶುರುಮಾಡುವ ಮೊದಲು ಕ್ಷಯದ ತಪಾಸಣೆ ಕಡ್ಡಾಯವೆಂದೇ ತಿಳಿಯಿರಿ. ಒಳಗೆ ಅಡಗಿ ಮಲಗಿರುವ ಕ್ಷಯ ಇವುಗಳಿಂದ ಎದ್ದು ಕೂರಬಹುದು.

ಫೈಬ್ರೊಮಯಾಲ್ಜಿಯಾಕ್ಕೆ ಔಷಧಗಳ ಪಾತ್ರ ಚಿಕ್ಕದು, ಅಭ್ಯಾಸಗಳ ಪಾತ್ರ ದೊಡ್ಡದು. ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್, ಇಲ್ಲವೇ ಡುಲೊಕ್ಸೆಟಿನ್ ಅಥವಾ ಪ್ರಿಗಾಬಾಲಿನ್. ಇವು ಕೆಲವರಿಗೆ ನೆರವಾಗುತ್ತವೆ, ಎಲ್ಲರಿಗೂ ಅಲ್ಲ. ಎರಡೂ ರೋಗವಿರುವವರು ಒಂದು ಎಚ್ಚರಿಕೆ ನೆನಪಿಡಬೇಕು: ಡುಲೊಕ್ಸೆಟಿನ್ ಜೊತೆಗೆ ನ್ಯಾಪ್ರೊಕ್ಸೆನ್‌ನಂಥ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಇಬ್ಬರು ವೈದ್ಯರು ಬೇರೆ ಬೇರೆ ಚೀಟಿಯಲ್ಲಿ ಬರೆದಿದ್ದರೆ ಇಬ್ಬರಿಗೂ ಎರಡೂ ಚೀಟಿ ತೋರಿಸಿ. ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಗೆ ಅಂಟಿಕೊಳ್ಳುವುದು ಬೇಡ. ಸ್ಟೀರಾಯ್ಡ್ ಮಾತ್ರೆಗಳು ಇವೆರಡರಲ್ಲಿ ಯಾವುದಕ್ಕೂ ದೀರ್ಘಕಾಲದ ಮದ್ದಲ್ಲ. ಹೆಸರಿಲ್ಲದ ಪುಡಿಯನ್ನು ಪೊಟ್ಟಣ ಕಟ್ಟಿಕೊಟ್ಟು ಎರಡೇ ದಿನದಲ್ಲಿ ಎಬ್ಬಿಸಿ ಕೂರಿಸುತ್ತೇವೆ ಎನ್ನುವವರ ಬಳಿ ಹೋಗುವ ಮುಂಚೆ, ಒಳಗೆ ಏನು ಬೆರೆಸಿದ್ದಾರೆ ಎಂದು ಕೇಳಿ. ಉತ್ತರ ಬಾರದಿದ್ದರೆ ಅದೇ ಉತ್ತರ.

ವ್ಯಾಯಾಮ ಎರಡಕ್ಕೂ ಬೇಕು, ಆದರೆ ಮಾಡುವ ರೀತಿ ಬೇರೆ. ಬೆನ್ನುಮೂಳೆಯ ಉರಿಯೂತದವರು ದಿನಾ ಬೆನ್ನು ಹಿಗ್ಗಿಸಬೇಕು, ದೀರ್ಘವಾಗಿ ಉಸಿರೆಳೆದು ಎದೆ ಅರಳಿಸಬೇಕು, ಈಜು ಒಳ್ಳೆಯದು. ಕಾರವಾರ, ಗೋಕರ್ಣದವರು ಸಮುದ್ರ ಪಕ್ಕದಲ್ಲೇ ಇದೆಯೆಂದು ಮಳೆಗಾಲದಲ್ಲಿ ಇಳಿಯಬೇಡಿ, ಊರ ಕೆರೆಯೋ ಈಜುಕೊಳವೋ ಸಾಕು. ಬೀಡಿ ಸಿಗರೇಟು ಸೇದುವವರಲ್ಲಿ ಬೆನ್ನುಮೂಳೆಯ ಹಾನಿ ಹೆಚ್ಚು, ಅದನ್ನು ಬಿಡಬೇಕು. ಫೈಬ್ರೊಮಯಾಲ್ಜಿಯಾದವರು ಮೊದಲ ದಿನವೇ ಒಂದು ಗಂಟೆ ನಡೆದರೆ ಮರುದಿನ ಹಾಸಿಗೆ ಹಿಡಿಯುತ್ತಾರೆ, ‘ನನಗೆ ವ್ಯಾಯಾಮ ಆಗುವುದಿಲ್ಲ’ ಎಂದು ಕೈಬಿಡುತ್ತಾರೆ. ಐದು ನಿಮಿಷದಿಂದ ಶುರುಮಾಡಿ, ವಾರಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ. ಚೆನ್ನಾಗಿರುವ ದಿನ ಇಡೀ ಮನೆಯ ಜೇಡರ ಬಲೆ ತೆಗೆಯಲು ಹೊರಡಬೇಡಿ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಮಧ್ಯರಾತ್ರಿಯವರೆಗೆ ಕೂರುವವರಿಗೆ ಎರಡೂ ರೋಗದ ಪರವಾಗಿ ಒಂದೇ ಕೋರಿಕೆ: ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ.

ನಮ್ಮ ಜಿಲ್ಲೆಯಲ್ಲಿ ಇವೆರಡರ ವೇಷ ಹಾಕಿ ಬರುವ ಬೇರೆಯವೂ ಇವೆ. ಕೊಟ್ಟಿಗೆಯಿರುವ ಮನೆಗಳಲ್ಲಿ ಬ್ರುಸೆಲ್ಲೋಸಿಸ್ ನೆನಪಿಡಬೇಕು. ಕಾಯಿಸದ ಹಾಲು ಕುಡಿದವರಿಗೆ, ಕಂದು ಹಾಕಿದ ದನದ ಆರೈಕೆ ಮಾಡಿದವರಿಗೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಒಂದೇ ಬದಿಯ ಸ್ಯಾಕ್ರೊಇಲಿಯಾಕ್ ಕೀಲಿನ ನೋವು ಬರಬಹುದು; ಅದು ಸೋಂಕು, ಆ್ಯಂಟಿಬಯೋಟಿಕ್‌ನಿಂದ ಗುಣವಾಗುತ್ತದೆ. ಕ್ಷಯವೂ ಒಂದೇ ಬದಿಯ ಕೀಲನ್ನು ಹಿಡಿಯುತ್ತದೆ. ಚಿಕೂನ್‌ಗುನ್ಯ ಜ್ವರದ ನಂತರ ತಿಂಗಳುಗಟ್ಟಲೆ ಕೀಲುನೋವು ಉಳಿಯುವುದು 2006ರ ಹಾವಳಿ ಕಂಡವರಿಗೆ ಗೊತ್ತು. ಥೈರಾಯ್ಡ್ ಕಡಿಮೆಯಾದರೂ, ವಿಟಮಿನ್ ಡಿ ತೀರಾ ಇಳಿದರೂ ಮೈಕೈ ನೋಯುತ್ತದೆ. ಇವುಗಳ ರಕ್ತಪರೀಕ್ಷೆ ದುಬಾರಿಯಲ್ಲ.

ತಜ್ಞರನ್ನು ಕಾಣಲು ನಮ್ಮವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವೆಗೋ ಹೋಗಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎಷ್ಟು ಹಳೆಯದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಘಟ್ಟ ಇಳಿದು, ಬಸ್ಸಿನಲ್ಲಿ ಅರ್ಧ ದಿನ ಕುಳಿತು, ಹತ್ತು ನಿಮಿಷ ಸಿಗುವ ಭೇಟಿಯದು. ಅದು ಪೋಲಾಗದಂತೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ನೋವು ಶುರುವಾದ ವಯಸ್ಸು, ರಾತ್ರಿ ಎಚ್ಚರವಾದರೆ ಎಷ್ಟು ಹೊತ್ತಿಗೆ, ಎದ್ದು ಓಡಾಡಿದರೆ ಹಗುರವೋ ಹೇಗೆ, ಬೆಳಗಿನ ಬಿಗಿತ ಎಷ್ಟು ಹೊತ್ತು, ಯಾವ ಮಾತ್ರೆಗೆ ಎಷ್ಟು ದಿನದಲ್ಲಿ ಏನಾಯಿತು, ಕಣ್ಣು, ಚರ್ಮ, ಹೊಟ್ಟೆಯ ತೊಂದರೆ, ಮನೆಯಲ್ಲಿ ಯಾರಿಗಾದರೂ ಇದೆಯೇ. ಇದರ ಜೊತೆಗೆ ಮನುಷ್ಯನ ಮೈಯ ಒಂದು ಗೀಟುಚಿತ್ರ ಬರೆದು ನೋಯುವ ಜಾಗಗಳಿಗೆಲ್ಲ ಬಣ್ಣ ಹಚ್ಚಿ. ಸೊಂಟ, ಪೃಷ್ಠ, ಹಿಮ್ಮಡಿಯಲ್ಲಷ್ಟೇ ಬಣ್ಣವಿದೆಯೋ, ಚಿತ್ರ ಇಡೀ ಕೆಂಪಾಗಿದೆಯೋ ಎಂಬುದು ವೈದ್ಯರಿಗೆ ಒಂದೇ ನೋಟಕ್ಕೆ ಬಹಳಷ್ಟು ಹೇಳುತ್ತದೆ. ಸ್ಕ್ಯಾನ್‌ನ ರಿಪೋರ್ಟು ಮಾತ್ರ ಸಾಲದು, ಫಿಲ್ಮ್ ಅಥವಾ ಸಿಡಿಯನ್ನೂ ಒಯ್ಯಿರಿ.

ಪ್ರಶ್ನೋತ್ತರ

ಹಿರಿಯ ಕೃಷಿಕರೊಬ್ಬರು: ‘ನನ್ನ ಮಗನಿಗೆ ಇಂಜೆಕ್ಷನ್ ಶುರುಮಾಡಿ ಆರು ತಿಂಗಳಾಯಿತು. ಸಿಆರ್‌ಪಿ ಇಳಿದಿದೆ, ಆದರೆ ಸುಸ್ತು, ನೋವು ಹಾಗೇ ಇದೆ. ಬೇರೆ ಇಂಜೆಕ್ಷನ್ ಕೊಡುತ್ತೇವೆ ಎನ್ನುತ್ತಾರೆ. ಒಪ್ಪಬೇಕೇ?’

ಅವರನ್ನು ನೋಡದೆ ಒಪ್ಪಿ ಎಂದಾಗಲಿ ಬಿಡಿ ಎಂದಾಗಲಿ ನಾನು ಹೇಳಲಾರೆ. ಆದರೆ ನಿಮ್ಮ ವೈದ್ಯರನ್ನು ಒಂದು ಪ್ರಶ್ನೆ ಕೇಳಿ: ‘ಉಳಿದಿರುವ ನೋವು ಉರಿಯೂತದ್ದೇ ಎಂದು ಹೇಗೆ ಗೊತ್ತಾಯಿತು?’ ಸಿಆರ್‌ಪಿ ಇಳಿದಿದೆ, ಬೆಳಗಿನ ಬಿಗಿತವೂ ಇಳಿದಿದೆ, ಮೈಯೆಲ್ಲ ನೋವು ಮತ್ತು ಕೆಟ್ಟ ನಿದ್ದೆ ಮಾತ್ರ ಉಳಿದಿವೆ ಎಂದಾದರೆ ಫೈಬ್ರೊಮಯಾಲ್ಜಿಯಾಕ್ಕಾಗಿ ಹುಡುಕಿ ಆಮೇಲೆ ಇಂಜೆಕ್ಷನ್ ಬದಲಿಸುವ ಮಾತು. ಬೇಕಿದ್ದರೆ ಎಂಆರ್‌ಐ ಪುನಃ ಮಾಡಬಹುದು. ನೀವಾಗಿಯೇ ಇಂಜೆಕ್ಷನ್ ನಿಲ್ಲಿಸಬೇಡಿ. ಸಿಆರ್‌ಪಿ ಇಳಿದಿರುವುದು ಅದು ಕೆಲಸ ಮಾಡುತ್ತಿದೆ ಎಂಬುದಕ್ಕೂ ಸಾಕ್ಷಿಯಾಗಿರಬಹುದು.

ಗೃಹಿಣಿಯೊಬ್ಬರು: ‘ಫೈಬ್ರೊಮಯಾಲ್ಜಿಯಾ ಎಂದು ಹೇಳಿದ ಮೇಲೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಇದರಿಂದ ಮೂಳೆ ಹಾಳಾಗುವುದಿಲ್ಲವಂತಲ್ಲ ಎನ್ನುತ್ತಾರೆ.’

ಮೂಳೆ ಹಾಳಾಗುವುದಿಲ್ಲ ಎಂಬುದು ನಿಜ, ಅದು ನಿಮಗೆ ಸಮಾಧಾನದ ಸುದ್ದಿ. ಮನೆಯವರಿಗೆ ಅದು ಕೆಲಸ ಹೇರಲು ಪರವಾನಗಿಯಾಗಬಾರದು. ಮುಂದಿನ ಭೇಟಿಗೆ ಗಂಡನನ್ನೋ ಅತ್ತೆಯವರನ್ನೋ ಜೊತೆಗೆ ಕರೆತನ್ನಿ. ವೈದ್ಯರ ಬಾಯಿಂದ ಕೇಳಿದರೆ ತೂಕ ಬೇರೆ. ನಮ್ಮ ಸಮಾಜ ಇರುವುದೇ ಹಾಗೆ, ಏನು ಮಾಡೋಣ.

ಯುವಕನೊಬ್ಬ: ‘ಡಾಕ್ಟರೇ, ನನಗೆ ಬೆನ್ನುಮೂಳೆಯ ಸಂಧಿವಾತ ಇದೆ. ಕಣ್ಣು ಕೆಂಪಾದರೆ ಎಷ್ಟು ದಿನ ಕಾಯಬಹುದು? ಪ್ರತಿ ಸಲ ಮದ್ರಾಸ್ ಐ ಎಂದು ಹನಿ ಹಾಕುತ್ತೇನೆ.’

ಕಾಯಬೇಡಿ. ಒಂದೇ ಕಣ್ಣು ಕೆಂಪಾಗಿ, ಒಳಗಿನಿಂದ ನೋವು, ಬೆಳಕು ಕಂಡರೆ ಆಗದಿರುವುದು, ದೃಷ್ಟಿ ಮಸುಕು, ಪಿಸುರು ಹೆಚ್ಚಿಲ್ಲ ಎಂದರೆ ಅದು ಕಣ್ಣಿನೊಳಗಿನ ಉರಿಯೂತವಾಗಿರಬಹುದು; ಯುವೈಟಿಸ್ ಎನ್ನುತ್ತಾರೆ. ಈ ರೋಗವಿರುವ ನಾಲ್ವರಲ್ಲಿ ಒಬ್ಬರಿಗಾದರೂ ಜೀವಮಾನದಲ್ಲಿ ಒಮ್ಮೆ ಇದು ಬರುತ್ತದೆ. ಔಷಧದ ಅಂಗಡಿಯ ಹನಿ ಹಾಕಿಕೊಂಡು ಕೂತರೆ ದೃಷ್ಟಿಗೇ ಕುತ್ತು. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ, ‘ನನಗೆ ಬೆನ್ನುಮೂಳೆಯ ಸಂಧಿವಾತ ಇದೆ’ ಎಂದು ಮೊದಲ ವಾಕ್ಯದಲ್ಲೇ ಹೇಳಿ.